ಮುಷ್ಟಿಯಲ್ಲಿ ಕರಡಿ

ಶಾಲೆಯಿಂದ ಬಂದ ಮಿಸ್ಬಾ
ಚೀಲ ಇಳಿಸಲಿಲ್ಲ, ಬೂಟು ಬಿಚ್ಚಲಿಲ್ಲ.
ಕುದಿಯುವ ಬೇಸಿನ್ನಿನ ಆಚೆ ನಿಂತು
ಬಲಗೈ ಮುಷ್ಟಿ ಚಾಚಿದಳು ನನ್ನ ಕಡೆ.

ಏನೇ ಅದು?
"ಕರಡಿ."

ಚಂದನಾಳ ಹುಟ್ಟುಹಬ್ಬವಂತೆ.
ಹನ್ನೊಂದೂವರೆಗೆ ಹಂಚಿದರಂತೆ, ತಲೆಗೊಂದು.
ಎಲ್ಲರೂ ಅಲ್ಲೇ ತಿಂದರಂತೆ.
ಇವಳಿಗೆ ನನ್ನ ಕೇಳಬೇಕಿತ್ತಂತೆ.
ಗಣಿತ, ಆಟದ ಪೀರಿಯಡ್ಡು, ಆಟೋದ ಇಕ್ಕಟ್ಟು,
ಮುಷ್ಟಿ ಸಡಿಲಿಸಿಲ್ಲ.
ಎಡಗೈಯಲ್ಲಿ ಉಣ್ಣಬಾರದೆಂದು
ಊಟದ ಡಬ್ಬಿಯನ್ನೂ ತೆರೆದಿಲ್ಲ.

ಬಿಚ್ಚು, ನೋಡೋಣ.
ಬಿಚ್ಚಿದಳು.
ಕೆಂಪು ಕರಡಿಗೆ ಕಿವಿ ಉಳಿದಿರಲಿಲ್ಲ,
ಹೊಟ್ಟೆಯ ಮೇಲೆ ಇವಳ ಅಂಗೈ ಗೆರೆ
ಅಚ್ಚೊತ್ತಿದಂತೆ ಮೂಡಿತ್ತು.
ನನ್ನ ಬೆರಳಲ್ಲಿ ಗೆರೆಗಳಿಲ್ಲ.
ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಸವೆದು
ರೇಷನ್ ಅಂಗಡಿಯ ಯಂತ್ರ
ತಿಂಗಳಿಗೊಮ್ಮೆ ನನ್ನನ್ನು ಬೇರೆ ಯಾರೋ ಅನ್ನುತ್ತದೆ.

ಜೆಲ್ಲಿ ಅಂದರೆ ಮೂಳೆ ತೊಗಲು ಕುದಿಸಿದ ಅಂಟು,
ಯಾವ ಪ್ರಾಣಿಯದೋ, ಯಾರು ಕೊಯ್ದರೋ,
ಯಾರ ಹೆಸರು ಹೇಳಿ ಕೊಯ್ದರೋ,
ನಾದಿನಿ ಹೇಳಿದ್ದಳು.
ಕುದಿಸುವುದರ ಬಗ್ಗೆ ನನಗೆ ಯಾರೂ ಹೇಳಬೇಕಾಗಿಲ್ಲ.
ಶಿಡ್ಲಘಟ್ಟದಲ್ಲಿ ಈ ಬೀದಿಯ ಗಾಳಿಯೇ ಸತ್ತ ಹುಳದ್ದು.

ನಾನು ಇವಳಷ್ಟಿದ್ದಾಗ
ಕಿತ್ತಳೆ ತೊಳೆಯಂಥ ಪೆಪ್ಪರಮಿಂಟು,
ಗಾಜಿನ ಜಾಡಿಯಿಂದ ಬರಿಗೈಯಲ್ಲಿ ತೆಗೆದು ಕೊಡುತ್ತಿದ್ದರು.
ಕಾಗದವೇ ಇಲ್ಲದ್ದಕ್ಕೆ ಓದುವುದೇನು?
ಬಿಸ್ಮಿಲ್ಲಾ ಅಂದು ಬಾಯಿಗೆ ಹಾಕಿದರೆ ಮುಗಿಯಿತು.
ಈಗ ಅಕ್ಷರ ಬಂದಿದೆ. ಅದರ ಹಿಂದೆಯೇ ಶಕ್ಕು.

ಬೇಸಿನ್ನಿನ ಬೆಂಕಿ ತಗ್ಗಿಸಿ ಹೊರಟೆವು.
ನಾಗಭೂಷಣ ಶೆಟ್ಟರು ಕಾಸು ಎಣಿಸುವುದು ತೆಲುಗಲ್ಲಿ,
ಮಾತು ಕನ್ನಡದಲ್ಲಿ, ನನ್ನೊಡನೆ ಮಾತ್ರ
ಅಷ್ಟಿಷ್ಟು ಉರ್ದು ಬೆರೆಸುತ್ತಾರೆ, ತಪ್ಪುತಪ್ಪಾಗಿ.
ಚಂದನಾಳ ಅಪ್ಪ ಕೊಂಡದ್ದು ಇಲ್ಲೇ.
ಜಾಡಿ ಇಳಿಸಿದರು.
"ನಾನೂ ನೋಡೇ ತರಿಸೋದು ತಾಯಿ,
ನಮ್ಮನೇಲಿ ಮೊಟ್ಟೆ ಸೋಕಿದ್ದೂ ಆಗಲ್ಲ.
ಹಸಿರು ಚುಕ್ಕೆ ಇರ್ಬೇಕು ನೋಡಿ, ಇಲ್ಲೇ ಎಲ್ಲೋ."

ಚುಕ್ಕೆ ಇರಬೇಕಾದಲ್ಲಿ ಬೆಲೆಯ ಚೀಟಿ ಅಂಟಿತ್ತು.
ಉಗುರಲ್ಲಿ ಕೆರೆದರು.
ಚೀಟಿಯ ಜೊತೆ ಚುಕ್ಕೆಯೂ ಎದ್ದು ಬಂತು.

ಟಾರ್ಚು ಬಿಟ್ಟೆವು. ಇರುವೆಗಳು ಓದಲೆಂದು ಬರೆದ ಸಾಲು.
ಶೆಟ್ಟರ ಕನ್ನಡಕಕ್ಕೆ ಸಿಗಲಿಲ್ಲ, ನನಗಂತೂ ಇಲ್ಲವೇ ಇಲ್ಲ.
ಮಿಸ್ಬಾ ಮೂಗು ಜಾಡಿಗೆ ತಾಗಿಸಿ
ಸಕ್ಕರೆ ದಾಟಿದಳು, ಗ್ಲೂಕೋಸು ದಾಟಿದಳು,
"ಜಿ... ಇ... ಎಲ್... ಎ..."
ನಿಂತಳು.

ಜೆಲಟಿನ್.
ಯಾವುದರದ್ದೆಂದು ಬರೆದಿರಲಿಲ್ಲ.

ಶೆಟ್ಟರು ಗಲ್ಲಾಪೆಟ್ಟಿಗೆಯ ಕಡೆ ನೋಡಿ,
ಯಾರಿಗೆ ಅಂತಲ್ಲದೆ ಅಂದರು:
"ಹೋದ ಶುಕ್ರವಾರ
ನಾನೇ ಎರಡು ಬಾಯಿಗೆ ಹಾಕ್ಕೊಂಡೆ."

ಹಿಂದೆ ಬೀಡಿಕಟ್ಟಿಗೆ ನಿಂತಿದ್ದವನು ನಕ್ಕ.
ನನಗೆ ನಗು ಬರಲಿಲ್ಲ.
ಅಳೆದು ತೂಗಿ ಬಾಳಿದ ಮನುಷ್ಯ,
ತುಟಿ ಒರೆಸಿಕೊಂಡರು, ಇಷ್ಟು ದಿನದ ಮೇಲೆ.

"ಗೊತ್ತಿಲ್ದೆ ತಿಂದ್ರೆ ಏನಾಗಲ್ಲ ತಾತ,"
ಮಿಸ್ಬಾ ಸಮಾಧಾನ ಹೇಳಿದಳು,
"ನಮ್ಮಮ್ಮಿ ಹೇಳಿದಾರೆ."

ಜಾಡಿ ಮೇಲಿನ ಹಲಗೆಗೆ ಹೋಯಿತು, ಸೋಪುಗಳ ಹಿಂದೆ.
ಬಿಸಾಡಲಿಲ್ಲ. ಮಾರುತ್ತಾರೋ, ನಾನು ಕೇಳಲಿಲ್ಲ.
ಕಡ್ಲೆಮಿಠಾಯಿ ಎರಡು ಚೂರು ಮುರಿದು
ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು,
ಎಷ್ಟು ಹೇಳಿದರೂ ಕಾಸು ಮುಟ್ಟಲಿಲ್ಲ.

ಮನೆಯಲ್ಲಿ ನಲ್ಲಿ ಕೆಳಗೆ ಕೈ ಹಿಡಿದೆ ಅವಳದು.
ಕರಡಿ ಹೋಯಿತು.
ಗೆರೆಗಳಲ್ಲಿ ಕೆಂಪು ಮಾತ್ರ ಹೋಗಲಿಲ್ಲ,
ಸೋಪಿಗೂ, ಸೀಗೆಗೂ, ನನ್ನ ಹೆಬ್ಬೆರಳಿಗೂ.
ಆ ಕೈಯಲ್ಲೇ ಮಧ್ಯಾಹ್ನದ ತಣ್ಣನೆ ಅನ್ನ ಉಂಡಳು,
ಹೊಸದು ಮಾಡುತ್ತೇನೆಂದರೂ ಕೇಳದೆ.
ನಾಲ್ಕನೇ ತುತ್ತು ತಟ್ಟೆಯ ಮೇಲೆಯೇ ನಿಂತಿತು.

"ಅಮ್ಮೀ,
ಹೇಗಿತ್ತಂತೆ ಅದು, ತಾತಂಗೆ?"